ಒಂದು ಲೋಟ ಬೋರ್‌ವೆಲ್ ನೀರು

(ಕೋಲಾರದಲ್ಲಿ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಮಕ್ಕಳ ಜೊತೆ ಬಂದಿರುವ ಅಪ್ಪ ಅಮ್ಮಂದಿರೇ.

ಈ ಮೇಜಿನ ಮೇಲೆ ಒಂದು ಲೋಟ ನೀರಿದೆ. ಕುಡಿಯುವುದಕ್ಕೆ ಇಟ್ಟಿದ್ದಲ್ಲ. ಇವತ್ತು ಬೆಳಿಗ್ಗೆ ಮುಳಬಾಗಿಲು ಕಡೆಯ ನಮ್ಮೂರಿನ ಬೋರ್‌ವೆಲ್‌ನಿಂದ ಹಿಡಿದು ತಂದಿದ್ದು. ನೋಡಿದರೆ ತಿಳಿಯಾಗಿದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಕೊನೆಗೆ ಇದಕ್ಕೊಂದು ಪರೀಕ್ಷೆ ಮಾಡೋಣ. ಅಲ್ಲಿಯವರೆಗೆ ನಿಮ್ಮ ಕಣ್ಣೆದುರಿಗೇ ಇರಲಿ.

ನಾನು ಸುಮಾರು ಮೂವತ್ತು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟಿದ್ದೇನೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ಮಕ್ಕಳ ಬಾಯಲ್ಲಿ ಒಂದೇ ಮಾತು. "ಮೇಡಂ, ಮ್ಯಾಥ್ಸ್ ಮಾಡ್ಬೇಕು, ಫಿಸಿಕ್ಸ್ ಅರ್ಥ ಮಾಡ್ಕೋಬೇಕು, ಕೆಮಿಸ್ಟ್ರಿ ಉರು ಹೊಡೀಬೇಕು." ಈ ಮಾತನ್ನು ಅವರಿಗೆ ಯಾರೋ ಅಣ್ಣಂದಿರು, ಅಕ್ಕಂದಿರು ಹೇಳಿರುತ್ತಾರೆ. ಅವರಿಗೆ ಇನ್ಯಾರೋ ಹೇಳಿರುತ್ತಾರೆ. ಈ ಒಂದು ಮಾತಿನಿಂದ ಎಷ್ಟು ಮಕ್ಕಳು ಈ ವಿಷಯವನ್ನು ಕಳೆದುಕೊಂಡರು ಅಂತ ನನಗೆ ಗೊತ್ತು. ಅದಕ್ಕೇ ಇವತ್ತು ಬಂದೆ.

ಮೊದಲು ಈ ನೀರಿನ ಕಥೆ ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ಶಾಲೆಯಲ್ಲಿ ಅರ್ಧ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಇದ್ದಿಲಿನಲ್ಲಿ ಉಜ್ಜಿದೆವು, ಬೇವಿನ ಕಡ್ಡಿಯಲ್ಲಿ ಉಜ್ಜಿದೆವು. ಫೋಟೋ ತೆಗೆಯುವಾಗ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು. ನಮ್ಮಜ್ಜಿ ಮಾತ್ರ "ಅದು ನೀರಿನ ದೋಷ ಕಣಮ್ಮ, ಉಜ್ಜಿದ್ರೆ ಹೋಗಲ್ಲ" ಅನ್ನುತ್ತಿದ್ದರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಅವರು ಹೇಳಿದ್ದು ಸರಿ. ಅದು ಫ್ಲೋರೈಡ್.

ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನದಂಡದಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಪಾವಗಡ, ಇಲ್ಲೆಲ್ಲ ಎಷ್ಟೋ ಊರುಗಳ ಬೋರ್‌ವೆಲ್ ಈ ಗೆರೆ ದಾಟಿದೆ. ಯಾಕೆ? ನಮ್ಮ ಕಾಲ ಕೆಳಗಿರುವುದು ಗ್ರಾನೈಟ್ ಮತ್ತು ಅದರ ಹಾಗೇ ಗಟ್ಟಿಯಾದ ನೈಸ್ (gneiss) ಅನ್ನುವ ಬಂಡೆ. ಆ ಬಂಡೆಯ ಅಭ್ರಕದಲ್ಲಿ, ಫ್ಲೋರೈಟ್ ಅನ್ನುವ ಖನಿಜದಲ್ಲಿ ಫ್ಲೋರೈಡ್ ಇದೆ. ನಮಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಒಣಗಿದವು, ಬಾವಿ ಒಣಗಿದವು, ಕೊಳವೆ ಸಾವಿರ ಅಡಿ ದಾಟಿತು. ಅಷ್ಟು ಆಳದಲ್ಲಿ ನೀರು ಬಂಡೆಯ ಬಿರುಕಿನೊಳಗೆ ವರ್ಷಗಟ್ಟಲೆ ಕೂತಿರುತ್ತದೆ. ಬಂಡೆ ಕರಗುವುದಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು, ಅಲ್ವಾ?

ಇಲ್ಲಿಯವರೆಗೆ ಇದು ಭೂಗೋಳ. ಇನ್ನು ಮುಂದಿನದು ನಿಮ್ಮ ಫಸ್ಟ್ ಪಿಯುಸಿ ಪುಸ್ತಕದ ಈಕ್ವಿಲಿಬ್ರಿಯಂ ಪಾಠ.

ಫ್ಲೋರೈಟ್ ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಅದು ನೀರಿನಲ್ಲಿ ಬಹಳ ಕಮ್ಮಿ ಕರಗುತ್ತದೆ. ಸ್ವಲ್ಪ ಕರಗುತ್ತದೆ, ಕರಗಿದ್ದು ಸ್ವಲ್ಪ ಮತ್ತೆ ಗಟ್ಟಿಯಾಗುತ್ತದೆ. ಎರಡೂ ಒಂದೇ ವೇಗದಲ್ಲಿ ನಡೆದಾಗ ಸಮತೋಲನ, ಅದೇ ಈಕ್ವಿಲಿಬ್ರಿಯಂ. ಕೋಲಾರದಿಂದ ಬೆಂಗಳೂರಿಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಹೊಸಕೋಟೆಯಲ್ಲಿ ಹತ್ತು ಜನ ಇಳಿದರು, ಹತ್ತು ಜನ ಹತ್ತಿದರು. ಕಂಡಕ್ಟರ್ ಎಣಿಸಿದರೆ ತಲೆಲೆಕ್ಕ ಮೊದಲಿನಷ್ಟೇ. ಆದರೆ ಒಳಗಿರುವ ಮುಖಗಳು ಬೇರೆ. ಸಮತೋಲನ ಅಂದರೆ ಎಲ್ಲ ನಿಂತುಹೋಯಿತು ಅಂತ ತಿಳಿಯಬೇಡಿ. ಇಳಿಯುವುದೂ ಹತ್ತುವುದೂ ನಡೆಯುತ್ತಲೇ ಇದೆ.

ಈ ಸಮತೋಲನಕ್ಕೆ ಒಂದು ಲೆಕ್ಕವಿದೆ. ಕರಗಿದಾಗ ಬಿಡಿಯಾಗುವ, ವಿದ್ಯುತ್ ಚಾರ್ಜು ಹೊತ್ತ ಕಣಕ್ಕೆ ಅಯಾನು ಅನ್ನುತ್ತಾರೆ. ನೀರಿನಲ್ಲಿರುವ ಕ್ಯಾಲ್ಸಿಯಂ ಅಯಾನಿನ ಪ್ರಮಾಣವನ್ನು ಫ್ಲೋರೈಡ್ ಪ್ರಮಾಣದ ವರ್ಗದಿಂದ, ಅಂದರೆ ಫ್ಲೋರೈಡ್ ಪ್ರಮಾಣದಿಂದ ಎರಡು ಸಲ, ಗುಣಿಸಿದರೆ ಒಂದು ಸ್ಥಿರ ಸಂಖ್ಯೆ ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಸಾಲ್ಯುಬಿಲಿಟಿ ಪ್ರಾಡಕ್ಟ್ ಅನ್ನುತ್ತಾರೆ. ಈಗ ನಮ್ಮ ನೆಲಕ್ಕೆ ಬನ್ನಿ. ಇಲ್ಲಿಯ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಸುಣ್ಣದ ಗಂಟಾಗಿ ಮಣ್ಣಿನಲ್ಲಿ ಕೂರಿಸುತ್ತದೆ. ಹೊಲ ಉಳುವಾಗ ಸಿಗುವ ಬಿಳಿ ಗಂಟುಗಳನ್ನು ನೀವೆಲ್ಲ ನೋಡಿದ್ದೀರಿ. ಹಾಗೆ ನೀರಿನಿಂದ ಕ್ಯಾಲ್ಸಿಯಂ ಹೊರಗೆ ಹೋಯಿತು. ಗುಣಲಬ್ಧ ಮಾತ್ರ ಅಷ್ಟೇ ಇರಬೇಕು. ಹಾಗಾದರೆ ಫ್ಲೋರೈಡ್ ಏರಲೇಬೇಕು! ಕ್ಯಾಲ್ಸಿಯಂ ಕಾಲು ಭಾಗಕ್ಕೆ ಇಳಿದರೆ ಫ್ಲೋರೈಡ್ ಎರಡು ಪಟ್ಟಾಗಲು ದಾರಿಯಾಯಿತು. ನಾಲ್ಕು ಪಟ್ಟು ಯಾಕಾಗುವುದಿಲ್ಲ? ವರ್ಗ ಇದೆಯಲ್ಲ, ಅದಕ್ಕೆ.

ನಾನು ಒಂದು ವರ್ಷ ಈ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. "ಮೇಡಂ, ನಮ್ಮನೇಲಿ ನೀರು ಕಾಯಿಸಿಯೇ ಕುಡಿಯೋದು. ಫ್ಲೋರೈಡ್ ಹೋಗುತ್ತೆ ಅಲ್ವಾ?" ನಾನು ಉತ್ತರ ಹೇಳಲಿಲ್ಲ. ಬೋರ್ಡಿನ ಮೇಲಿನ ಲೆಕ್ಕ ನೋಡು ಅಂದೆ. ಅವನು ಎರಡು ನಿಮಿಷ ಸುಮ್ಮನಿದ್ದ. ಆಮೇಲೆ ತಾನೇ ಹೇಳಿದ. ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಅಂಟುತ್ತದೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಕ್ಯಾಲ್ಸಿಯಂ ಹೋಯಿತು. ಫ್ಲೋರೈಡ್ ನೀರಿನಲ್ಲೇ ಉಳಿಯಿತು. ನೀರು ಆವಿಯಾಗಿ ಕಮ್ಮಿಯಾಯಿತು. ಆದ್ದರಿಂದ ಫ್ಲೋರೈಡ್ ಇನ್ನೂ ದಟ್ಟವಾಯಿತು.

ಆ ಹುಡುಗ ಹಿಂದಿನ ಟೆಸ್ಟಿನಲ್ಲಿ ಫೇಲಾಗಿದ್ದ. ಆದರೆ ಆ ದಿನ ಅವನು ಮಾಡಿದ್ದು ನಿಜವಾದ ಕೆಮಿಸ್ಟ್ರಿ. ಅದನ್ನು ಯಾವ ಗೈಡಿನಲ್ಲೂ ಉರು ಹೊಡೆದಿರಲಿಲ್ಲ.

ಇಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಬಂತು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಜಾನ್‌ಸ್ಟೋನ್ ಅಂತ ಒಬ್ಬ ಮೇಷ್ಟ್ರು ಇದ್ದರು. ಕೆಮಿಸ್ಟ್ರಿ ಮಕ್ಕಳಿಗೆ ಯಾಕೆ ಕಷ್ಟ ಅನ್ನುವುದನ್ನೇ ಅವರು ಬಹಳ ವರ್ಷ ಯೋಚಿಸಿದರು. ಕೆಮಿಸ್ಟ್ರಿಯಲ್ಲಿ ಮೂರು ಮಾತು ಒಟ್ಟಿಗೆ ನಡೆಯುತ್ತವೆ ಅಂತ ಅವರು ತೋರಿಸಿಕೊಟ್ಟರು. ಒಂದು, ಕಣ್ಣಿಗೆ ಕಾಣುವುದು. ಪಾತ್ರೆಯ ತಳದ ಬಿಳಿ ಪೊರೆ. ಎರಡು, ಕಣ್ಣಿಗೆ ಕಾಣದ ಅಣು, ಅಯಾನುಗಳ ಓಡಾಟ. ಮೂರು, ಕಾಗದದ ಮೇಲೆ ಬರೆಯುವ ಸಂಕೇತ, ಸಮೀಕರಣ, ಲೆಕ್ಕ. ತುಂಬ ವರ್ಷ ಪಾಠ ಮಾಡಿದ ನಮ್ಮಂಥವರು ಒಂದೇ ವಾಕ್ಯದಲ್ಲಿ ಈ ಮೂರರ ನಡುವೆ ಹಾರಾಡುತ್ತೇವೆ. ನಮಗೆ ಅದು ಗೊತ್ತೂ ಆಗುವುದಿಲ್ಲ. ಕೇಳುವ ಮಗುವಿಗೆ ಮಾತ್ರ ತಲೆ ಸುತ್ತುತ್ತದೆ. ಕೊನೆಗೆ ಅದು ಮೂರನೆಯದನ್ನು ಮಾತ್ರ ಹಿಡಿದುಕೊಂಡು ಉರು ಹೊಡೆಯುತ್ತದೆ. ತಪ್ಪು ಮಗುವಿನದಲ್ಲ.

ಆದ್ದರಿಂದ ಒಂದು ಸಮೀಕರಣ ಎದುರಿಗೆ ಬಂದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇದು ನಡೆಯುವಾಗ ನಾನು ಪಕ್ಕದಲ್ಲಿ ನಿಂತಿದ್ದರೆ ಏನು ಕಾಣುತ್ತಿತ್ತು? ಗುಳ್ಳೆ ಬರುತ್ತಿತ್ತಾ, ಬಣ್ಣ ಬದಲಾಗುತ್ತಿತ್ತಾ, ಬಿಸಿಯಾಗುತ್ತಿತ್ತಾ? ಒಳಗೆ ಯಾರು ಯಾರನ್ನು ಬಿಟ್ಟು ಯಾರ ಹತ್ತಿರ ಹೋದರು? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಸಮೀಕರಣ ಬರೆಯಿರಿ. ಅದು ಮರೆಯುವುದಿಲ್ಲ.

ಮೋಲ್ ಅಂದರೆ ಹೆದರುವವರು ಎಷ್ಟು ಜನ? ಕೈ ಎತ್ತಿ. ಪರವಾಗಿಲ್ಲ, ಜಾಸ್ತಿ ಜನ ಇದ್ದೀರಿ. ಅದಕ್ಕೂ ಈ ಲೋಟವೇ ಸಾಕು. ಹೂ ಮಾರುವವರು ಮೊಳದ ಲೆಕ್ಕದಲ್ಲಿ ಕೊಡುತ್ತಾರೆ, ಬಾಳೆಹಣ್ಣು ಡಜನ್ ಲೆಕ್ಕ, ವೀಳ್ಯದೆಲೆ ಕಟ್ಟಿನ ಲೆಕ್ಕ. ಅಣುಗಳನ್ನು ಎಣಿಸುವ ಕಟ್ಟಿಗೆ ಮೋಲ್ ಅಂತ ಹೆಸರು. ಒಂದು ಕಟ್ಟಿನಲ್ಲಿ 6.022 × 10²³. ನೀರು 18 ಗ್ರಾಂ ತೂಗಿದರೆ ಒಂದು ಮೋಲ್. ಒಂದೂಕಾಲು ದೊಡ್ಡ ಚಮಚದಷ್ಟು. ಅಡುಗೆ ಉಪ್ಪು 58.5 ಗ್ರಾಂ, ಸಕ್ಕರೆ 342 ಗ್ರಾಂ. ಮೂರನ್ನೂ ಮನೆಯಲ್ಲಿ ತೂಗಿ ಪಕ್ಕ ಪಕ್ಕ ಇಡಿ. ಮೂರೂ ಕಡೆ ಎಣಿಕೆ ಒಂದೇ, ರಾಶಿ ಮಾತ್ರ ಬೇರೆ ಬೇರೆ. ಒಂದು ಸಲ ಕಣ್ಣಾರೆ ನೋಡಿದವರಿಗೆ ಮೋಲ್ ಮತ್ತೆ ಕಾಡುವುದಿಲ್ಲ.

ಈಗ ಆ 1.5 ಮಿಲಿಗ್ರಾಂ ಫ್ಲೋರೈಡ್ ತೆಗೆದುಕೊಳ್ಳಿ. ಫ್ಲೋರೀನಿನ ಪರಮಾಣು ತೂಕ 19. ಭಾಗಿಸಿ, ಗುಣಿಸಿ. ಒಂದು ಲೀಟರಿನಲ್ಲಿ ಸುಮಾರು 4.75 × 10¹⁹ ಫ್ಲೋರೈಡ್ ಅಯಾನು. ನಾಲ್ಕು ಮುಕ್ಕಾಲು ಲಕ್ಷ ಕೋಟಿ ಕೋಟಿ! ಹಾಗಂತ ನೀರಿನ ಅಣುಗಳ ಪಕ್ಕ ಇಟ್ಟು ನೋಡಿದರೆ, ಸುಮಾರು ಏಳು ಲಕ್ಷ ನೀರಿನ ಅಣುಗಳ ನಡುವೆ ಒಂದೇ ಒಂದು ಫ್ಲೋರೈಡ್. ನಮ್ಮೂರಿನ ಮಕ್ಕಳ ಹಲ್ಲಿನ ಮೇಲೆ ಗೆರೆ ಎಳೆಯಲು ಅದಕ್ಕಿಂತ ಸ್ವಲ್ಪ ಹೆಚ್ಚಾದರೆ ಸಾಕು. ಆ ಲೆಕ್ಕವನ್ನು ನಾನು ಮೊದಲ ಸಲ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ.

ಹಲ್ಲಿನೊಳಗೆ ಏನಾಗುತ್ತದೆ ಅನ್ನುವುದೂ ನಿಮ್ಮ ಪಾಠವೇ. ಹಲ್ಲಿನ ಹೊರಪದರ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸೈಡ್ ಸೇರಿದ ಹರಳು. ಹೈಡ್ರಾಕ್ಸೈಡ್‌ಗೂ ಫ್ಲೋರೈಡ್‌ಗೂ ಒಂದೇ ಋಣ ಚಾರ್ಜು, ಗಾತ್ರವೂ ಹತ್ತಿರ ಹತ್ತಿರ. ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ಕೂರುತ್ತದೆ. ಸ್ವಲ್ಪ ಕೂತರೆ ಹಲ್ಲು ಗಟ್ಟಿ, ಹುಳುಕು ಕಮ್ಮಿ. ಅದಕ್ಕೇ ಟೂತ್‌ಪೇಸ್ಟಿಗೆ ಬೇಕಂತಲೇ ಹಾಕುತ್ತಾರೆ. ಆದರೆ ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ದಿನವೂ ನೀರಿನ ಜೊತೆ ಜಾಸ್ತಿ ಹೊಟ್ಟೆಗೆ ಹೋದರೆ ಹಲ್ಲು ಕೆಡುತ್ತದೆ. ಇನ್ನೂ ಜಾಸ್ತಿ, ಇನ್ನೂ ಹೆಚ್ಚು ವರ್ಷ ಕುಡಿದರೆ ಮೂಳೆ, ಕೀಲುಗಳಿಗೆ ಬರುತ್ತದೆ. ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರು ಆ ನೋವನ್ನು ಬಲ್ಲಿರಿ.

ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸುತ್ತೀರಲ್ಲ, ಆ ಯಂತ್ರದೊಳಗೆ ನಡೆಯುವುದು ರಿವರ್ಸ್ ಆಸ್ಮಾಸಿಸ್. ಒತ್ತಡ ಹಾಕಿ ನೀರನ್ನು ಒಂದು ತೆಳು ಪೊರೆಯ ಆಚೆ ದಾಟಿಸುತ್ತಾರೆ, ಕರಗಿದ ಲವಣಗಳು ಹೆಚ್ಚಾಗಿ ಈಚೆಗೇ ಉಳಿಯುತ್ತವೆ. ಸೆಕೆಂಡ್ ಪಿಯುಸಿಯ ಮೊದಲ ಪಾಠ. ಮುಂದಿನ ಸಲ ಕ್ಯಾನ್ ತುಂಬುವಾಗ ಸುಮ್ನೆ ನಿಲ್ಲಬೇಡಿ. ಹಿಂದಿನ ಪೈಪಿನಿಂದ ಬೇಡದ ನೀರು ಹೋಗುತ್ತಿರುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟಿರಬಹುದು, ಅದು ಎಲ್ಲಿಗೆ ಹೋಗುತ್ತಿದೆ, ಯೋಚನೆ ಮಾಡಿ.

ಈಗ ಭಾಷೆಯ ಮಾತು. ಇಲ್ಲಿ ಬಹಳ ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ನಾನೂ ಹಾಗೇ ಬಂದವಳು. ಫಸ್ಟ್ ಪಿಯುಸಿಯ ಮೊದಲ ವಾರ ತರಗತಿಯಲ್ಲಿ ಕೂತು ಅತ್ತಿದ್ದೇನೆ. ಉಪನ್ಯಾಸಕರು ಒಳ್ಳೆಯವರೇ. ಆದರೆ ಅವರ ಬಾಯಿಂದ ಬಂದ ಹತ್ತು ಪದಗಳಲ್ಲಿ ಏಳು ನನಗೆ ಹೊಸವು. ಗೊತ್ತಿದ್ದ ವಿಷಯವೂ ಇಂಗ್ಲಿಷ್ ಹೆಸರಿನಲ್ಲಿ ಬಂದಾಗ ಗೊತ್ತಿಲ್ಲದ ಹಾಗೆ ಕಾಣುತ್ತಿತ್ತು. ಆ ಮಕ್ಕಳು ಇವತ್ತೂ ಇದ್ದಾರೆ. ಅವರು ತಮಗೆ ಬುದ್ಧಿ ಕಮ್ಮಿ ಅಂದುಕೊಳ್ಳುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಮಕ್ಕಳೇ, ಕನ್ನಡದಲ್ಲಿ ಓದಿ ಬಂದದ್ದು ನಿಮಗೆ ಬಂಡವಾಳ. ಒಂದು ಉದಾಹರಣೆ ಕೊಡುತ್ತೇನೆ. ಆಕ್ಸಿಜನ್ ಅನ್ನು ಏನಂತ ಓದಿದ್ದೀರಿ? ಆಮ್ಲಜನಕ. ಆಮ್ಲವನ್ನು ಹುಟ್ಟಿಸುವುದು. ಹೈಡ್ರೋಜನ್? ಜಲಜನಕ. ನೀರನ್ನು ಹುಟ್ಟಿಸುವುದು. ಆ ಎರಡು ಇಂಗ್ಲಿಷ್ ಹೆಸರುಗಳಿಗೂ ಗ್ರೀಕ್ ಮೂಲದಲ್ಲಿ ಇದೇ ಅರ್ಥ. ಆದರೆ ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಅದು ಬರೀ ಹೆಸರು. ನಿಮಗೆ ಹೆಸರಿನೊಳಗೆ ಅರ್ಥವೇ ಕಾಣುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇರುತ್ತದಾ? ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಲ್ಲಿದೆ? ಇಲ್ಲ! ಆ ಹೆಸರಿಟ್ಟ ಫ್ರಾನ್ಸಿನ ಲವಾಸಿಯೇ ಎಲ್ಲ ಆಮ್ಲಕ್ಕೂ ಅದೇ ಮೂಲ ಅಂತ ನಂಬಿದ್ದರು. 1810ರ ಹೊತ್ತಿಗೆ ಇಂಗ್ಲೆಂಡಿನ ಹಂಫ್ರಿ ಡೇವಿ ಅದು ಹಾಗಲ್ಲ ಅಂತ ತೋರಿಸಿದರು. ಇನ್ನೂರು ವರ್ಷದ ಹಿಂದಿನ ಆ ತಪ್ಪು ನಮ್ಮ ಕನ್ನಡ ಪದದಲ್ಲಿ ಹಾಗೇ ಕೂತಿದೆ. ಪದವನ್ನು ಬಿಡಿಸಿದ ಮಗುವಿಗೆ ಒಂದು ಇಡೀ ಚರಿತ್ರೆ ಸಿಗುತ್ತದೆ.

ನಾನು ಆಗ ಮಾಡಿದ್ದು ಇಷ್ಟೇ. ಒಂದು ನೂರು ಪುಟದ ನೋಟ್‌ಬುಕ್. ಹೊಸ ಇಂಗ್ಲಿಷ್ ಪದ ಬಂದಾಗ ಎಡಗಡೆ ಬರೆಯುವುದು. ಬಲಗಡೆ ನನ್ನದೇ ಕನ್ನಡದಲ್ಲಿ ಒಂದು ವಾಕ್ಯ. ನಿಘಂಟಿನ ಅರ್ಥ ಬರೆಯುತ್ತಿರಲಿಲ್ಲ, ಅಮ್ಮನಿಗೆ ಹೇಳುವ ಹಾಗೆ ಬರೆಯುತ್ತಿದ್ದೆ. ಪ್ರೆಸಿಪಿಟೇಟ್ ಅಂದರೆ, ಎರಡು ತಿಳಿ ನೀರು ಬೆರೆಸಿದಾಗ ಹಾಲೊಡೆದ ಹಾಗೆ ತಳಕ್ಕೆ ಇಳಿಯುವುದು. ದಸರಾ ರಜೆ ಬರುವ ಹೊತ್ತಿಗೆ ನೋಟ್‌ಬುಕ್ ತುಂಬಿತ್ತು. ಆಮೇಲೆ ಅದನ್ನು ತೆರೆಯುವ ಅಗತ್ಯ ಬೀಳಲಿಲ್ಲ. ಯೋಚನೆ ಕನ್ನಡದಲ್ಲಿ ಮಾಡಿ, ಉತ್ತರ ಇಂಗ್ಲಿಷಿನಲ್ಲಿ ಬರೆಯಿರಿ. ಅದರಲ್ಲಿ ಏನೂ ತಪ್ಪಿಲ್ಲ.

ಲ್ಯಾಬಿನ ಬಗ್ಗೆ ನನಗೆ ಹೇಳುವುದು ಬಹಳ ಇದೆ. ನಾನು ಓದಿದ ಕಾಲೇಜಿನಲ್ಲಿ ಲ್ಯಾಬಿಗೆ ವರ್ಷವಿಡೀ ಬೀಗ. ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ವಾರ ಇದ್ದಾಗ ಬೀಗ ತೆಗೆದರು. ಧೂಳು ಒರೆಸಿದ್ದೂ ನಾವೇ. ಬ್ಯುರೆಟ್ ಅನ್ನು, ಅಂದರೆ ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆಯನ್ನು, ಮೊದಲ ಸಲ ಮುಟ್ಟಿದ್ದೇ ಆಗ. ಇವತ್ತೂ ಕೆಲವು ಕಡೆ ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ಬುಕ್ ನಕಲು ಮಾಡುವುದು. ಹಳೆಯ ಬ್ಯಾಚಿನ ರೀಡಿಂಗ್ ತಂದು ಬರೆಯುತ್ತಾರೆ. ನೂರಕ್ಕೆ 30 ಅಂಕ ಅದರಲ್ಲಿದೆ, ಆ 30 ಬಂದುಬಿಡುತ್ತದೆ. ಅದರ ಜೊತೆ ಹೋಗುವುದು ಏನು ಅಂತ ಕೇಳಿ.

ಟೈಟ್ರೇಷನ್ ತೆಗೆದುಕೊಳ್ಳಿ. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತು ಅಂತ ಅಳೆಯುವುದು. ಬ್ಯುರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ನೇರಳೆ ಹಣ್ಣಿನ ಬಣ್ಣ. ಕೆಳಗೆ ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ. ಪಾಲಕ್ ಸೊಪ್ಪಿನಲ್ಲಿ ಇರುವುದೂ ಅದೇ ಆಮ್ಲ. ಅದಕ್ಕೆ ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಸುಮಾರು 60ರಿಂದ 70 ಡಿಗ್ರಿ. ಮೊದಲ ಹನಿ ಬಿಡಿ. ಬಣ್ಣ ಒಮ್ಮೆಲೇ ಹೋಗುವುದಿಲ್ಲ. ಒಂದೆರಡು ಕ್ಷಣ ಗುಲಾಬಿಯಾಗಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಮಾಯವಾಗುತ್ತದೆ. ಎರಡನೇ ಹನಿ, ಮೂರನೇ ಹನಿ. ಈಗ ನೋಡಿ, ಬಿದ್ದ ಕೂಡಲೇ ಬಣ್ಣ ಹೋಗುತ್ತಿದೆ. ಏನಾಯಿತು? ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನು ಅದೇ ಕ್ರಿಯೆಗೆ ವೇಗವರ್ಧಕವಾಗಿ ನಿಂತಿತು. ಮೊದಲ ಹನಿ ಮುಂದಿನ ಹನಿಗೆ ದಾರಿ ಮಾಡಿಕೊಟ್ಟಿತು. ಆಟೋಕೆಟಾಲಿಸಿಸ್ ಅನ್ನುವ ಪದವನ್ನು ಉರು ಹೊಡೆದವರು ಇದನ್ನು ನೋಡಿರುವುದಿಲ್ಲ. ನೋಡಿದವರಿಗೆ ಪದ ತಾನಾಗಿ ನೆನಪಿರುತ್ತದೆ.

ಅಲ್ಲಿಂದ ಮುಂದೆ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಸಲ್ಫ್ಯೂರಿಕ್ ಯಾಕೆ, ಹೈಡ್ರೋಕ್ಲೋರಿಕ್ ಯಾಕೆ ಬೇಡ? ಪರ್ಮಾಂಗನೇಟ್ ಕ್ಲೋರೈಡನ್ನೂ ಬಿಡುವುದಿಲ್ಲ, ಅದನ್ನು ಕ್ಲೋರಿನ್ ಮಾಡಿಬಿಡುತ್ತದೆ. ಲೆಕ್ಕ ತಪ್ಪುತ್ತದೆ. ನೈಟ್ರಿಕ್ ಯಾಕೆ ಬೇಡ? ಅದೇ ಸ್ವತಃ ಉತ್ಕರ್ಷಣಕಾರಿ, ಅಂದರೆ ಪರ್ಮಾಂಗನೇಟಿನ ಹಾಗೇ ಎಲೆಕ್ಟ್ರಾನ್ ಕಿತ್ತುಕೊಳ್ಳುವಂಥದ್ದು. ಕ್ರಿಯೆ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಬೇರೆ ಇಂಡಿಕೇಟರ್ ಯಾಕಿಲ್ಲ? ಪರ್ಮಾಂಗನೇಟಿನ ಬಣ್ಣವೇ ಇಂಡಿಕೇಟರ್. ಎರಡು ಪರ್ಮಾಂಗನೇಟಿಗೆ ಐದು ಆಕ್ಸಾಲಿಕ್ ಯಾಕೆ? ಒಂದು ಪರ್ಮಾಂಗನೇಟಿಗೆ ಐದು ಎಲೆಕ್ಟ್ರಾನ್ ಬೇಕು, ಒಂದು ಆಕ್ಸಾಲಿಕ್ ಕೊಡುವುದು ಎರಡು. ಎರಡೈದಲಿ ಹತ್ತು, ಐದೆರಡಲಿ ಹತ್ತು. ಕೊಟ್ಟಿದ್ದು, ತೆಗೆದುಕೊಂಡಿದ್ದು ಸರಿಹೋಗಬೇಕು. ಎಲೆಕ್ಟ್ರಾನ್ ಕೊಡು-ಕೊಳ್ಳುವ ಇಡೀ ರೆಡಾಕ್ಸ್ ಪಾಠ ಒಂದು ಫ್ಲಾಸ್ಕಿನಲ್ಲಿ ಮುಗಿಯಿತು. ವೈವಾದಲ್ಲಿ ಕೇಳುವುದೂ ಇದನ್ನೇ.

ಪೋಷಕರೇ, ನಿಮ್ಮಲ್ಲಿ ಒಂದು ಬೇಡಿಕೆ. ಕಾಲೇಜಿಗೆ ಹೋದಾಗ ರಿಸಲ್ಟ್ ಎಷ್ಟು ಪರ್ಸೆಂಟ್ ಅಂತ ಕೇಳುತ್ತೀರಿ. ಲ್ಯಾಬ್ ವಾರಕ್ಕೆ ಎಷ್ಟು ದಿನ ತೆರೆಯುತ್ತೀರಿ ಅಂತಲೂ ಕೇಳಿ. ನೀವು ಕೇಳಿದರೆ ಬೀಗ ತೆಗೆಯುತ್ತಾರೆ.

ಆರ್ಗ್ಯಾನಿಕ್ ಕೆಮಿಸ್ಟ್ರಿ ಬಂದಾಗ ಮಕ್ಕಳು ಮತ್ತೆ ಉರು ಹೊಡೆಯಲು ಶುರು ಮಾಡುತ್ತಾರೆ. ಶ್ರೀನಿವಾಸಪುರದವರು ಯಾರಿದ್ದೀರಿ? ಮಾವಿನ ಕಾಲದಲ್ಲಿ ನಿಮ್ಮೂರಿನ ಮಂಡಿಯೇ ನಿಮ್ಮ ಹೈಡ್ರೋಕಾರ್ಬನ್ ಪಾಠ. ಹಿಂದೆ ಮನೆಯಲ್ಲಿ ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರು. ಮುಚ್ಚಿಟ್ಟ ಕಾಯಿ ಎಥಿಲೀನ್ ಅನಿಲ ಬಿಡುತ್ತದೆ. ಅನಿಲ ಹೊರಗೆ ಹೋಗದೆ ಪಕ್ಕದ ಕಾಯಿಗೂ ತಗಲುತ್ತದೆ, ಎಲ್ಲ ಒಟ್ಟಿಗೆ ಹಣ್ಣಾಗುತ್ತವೆ. ಒಂದು ಕೊಳೆತ ಹಣ್ಣು ಬುಟ್ಟಿಯನ್ನೇ ಕೆಡಿಸುವುದಕ್ಕೂ ಒಂದು ಕಾರಣ ಇದೇ ಅನಿಲ. ಆಮೇಲೆ ಕಾರ್ಬೈಡ್ ಬಂತು. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗಲಿದರೆ ಅಸಿಟಿಲೀನ್. ಎಥಿಲೀನಿನಲ್ಲಿ ಎರಡು ಇಂಗಾಲದ ನಡುವೆ ಎರಡು ಬಂಧ, ಅಸಿಟಿಲೀನಿನಲ್ಲಿ ಮೂರು. ಹೋಲಿಕೆ ಇರುವುದರಿಂದ ಕಾಯಿ ಮೋಸ ಹೋಗುತ್ತದೆ, ಸಿಪ್ಪೆ ಹಳದಿಯಾಗುತ್ತದೆ. ಆದರೆ ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರುತ್ತದೆ. ಅದಕ್ಕೇ ಹಣ್ಣು ಮಾಗಿಸಲು ಅದನ್ನು ಬಳಸುವುದನ್ನು ಕಾನೂನು ನಿಷೇಧಿಸಿದೆ. ಅದರ ಬದಲು ಎಥಿಲೀನ್ ಅನಿಲವನ್ನೇ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ 100 ಭಾಗದವರೆಗೆ, ಬಳಸಬಹುದು. ನಿಮ್ಮ ಮನೆಯಲ್ಲಿ ಮಂಡಿ ವ್ಯಾಪಾರ ಇದ್ದರೆ ಈ ವ್ಯತ್ಯಾಸವನ್ನು ಅಪ್ಪನಿಗೆ ಹೇಳುವಷ್ಟು ಕೆಮಿಸ್ಟ್ರಿ ನಿಮಗೆ ಈಗಲೇ ಗೊತ್ತಿದೆ.

ಕೆಜಿಎಫ್ ಮಕ್ಕಳಿಗೂ ಒಂದು ಮಾತು. ಚಿನ್ನದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ನೀವು ಹುಟ್ಟುವುದಕ್ಕೆ ಮುಂಚೆ. ಆದರೆ ಸೈನೈಡ್ ದಿಬ್ಬಗಳು ನಿಮ್ಮ ಮನೆಯ ಪಕ್ಕದಲ್ಲೇ ಇವೆ, ಗಾಳಿ ಬಂದರೆ ಧೂಳು ಮನೆಯೊಳಗೆ. ಆ ದಿಬ್ಬ ಯಾಕೆ ಬಂತು? ಚಿನ್ನ ಯಾವ ಒಂಟಿ ಆಮ್ಲಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಸೈನೈಡ್ ಇದ್ದು, ಗಾಳಿಯ ಆಮ್ಲಜನಕವೂ ಇದ್ದರೆ ಕರಗಿಬಿಡುತ್ತದೆ. ಒಂದು ಚಿನ್ನದ ಅಯಾನನ್ನು ಎರಡು ಸೈನೈಡ್ ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ. ಆಮೇಲೆ ಸತು ಹಾಕಿದರೆ ಚಿನ್ನ ವಾಪಸ್ ಬರುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಯೇ ಆ ದಿಬ್ಬ. ಈ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ಪಡೆದವರು ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು, ಅವರೂ ಗ್ಲಾಸ್ಗೋದವರೇ. ಲೋಹ ತೆಗೆಯುವ ಆ ಪಾಠವನ್ನು ಈಚೆಗೆ ಪಠ್ಯದಿಂದ ಕೈಬಿಟ್ಟಿದ್ದಾರೆ. ಕೋಲಾರದ ಮಗು ಅದನ್ನು ಓದದೆ ಪಾಸಾಗುವುದು ನನಗೆ ಸರಿ ಕಾಣುವುದಿಲ್ಲ. ಲೋಹದ ಅಯಾನನ್ನು ಬೇರೆ ಕಣಗಳು ಹೀಗೆ ಹಿಡಿದುಕೊಳ್ಳುವ ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠ ಇನ್ನೂ ಇದೆ. ಅದನ್ನು ಓದುವಾಗ ಆ ದಿಬ್ಬವನ್ನು ನೆನೆಸಿಕೊಳ್ಳಿ.

ಪರೀಕ್ಷೆ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಥಿಯರಿ 70, ಪ್ರಾಕ್ಟಿಕಲ್ 30. ಸಿಇಟಿಯಲ್ಲಿ ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ನೀಟ್‌ನಲ್ಲಿ ಕೆಮಿಸ್ಟ್ರಿ 45 ಪ್ರಶ್ನೆ, ತಪ್ಪಿಗೆ ಒಂದು ಅಂಕ ಕಡಿತ. ಒಂದು ಪ್ರಶ್ನೆಗೆ ಒಂದು ನಿಮಿಷ ಚಿಲ್ಲರೆ ಸಿಗುವಾಗ ಉರು ಹೊಡೆದಿದ್ದನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ದಿನವೂ. ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮೇಲೆ ನೆನಪಿನಿಂದ ಬರೆಯಿರಿ. ಎಲ್ಲಿ ಪೆನ್ನು ನಿಂತಿತೋ ಅಲ್ಲಿ ನಿಮಗೆ ಗೊತ್ತಿಲ್ಲ ಅಂತ ಅರ್ಥ. ಅಲ್ಲಿಂದ ಓದಿ. ಕಣ್ಣಿನಲ್ಲಿ ಮಾತ್ರ ಓದಿದ ಕೆಮಿಸ್ಟ್ರಿ ಬೆಳಿಗ್ಗೆಗೆ ಉಳಿಯುವುದಿಲ್ಲ. ಕೋಚಿಂಗಿಗೆ ಹಣ ಇಲ್ಲ ಅಂತ ಕೊರಗಬೇಡಿ. ಸರ್ಕಾರಿ ಪಠ್ಯಪುಸ್ತಕದ ಪ್ರತಿ ಸಾಲನ್ನೂ, ಪಾಠದ ನಡುವೆ ಬರುವ ಲೆಕ್ಕಗಳನ್ನೂ ಕೈಯಿಂದ ಮಾಡಿದ ಮಕ್ಕಳು ಒಳ್ಳೆಯ ಅಂಕ ತೆಗೆದಿದ್ದನ್ನು ನಾನು ವರ್ಷ ವರ್ಷವೂ ನೋಡಿದ್ದೇನೆ.

ಸರಿ, ಈಗ ಲೋಟಕ್ಕೆ ಬರೋಣ. ಯಾರಾದರೂ ಒಬ್ಬರು ಮುಂದೆ ಬನ್ನಿ. ಬಾಮ್ಮ, ಇಲ್ಲಿ ನಿಂತುಕೋ.

ಈ ಪುಟ್ಟ ಸೀಸೆಯಲ್ಲಿ ಇರುವುದು ಜಿರ್ಕೋನಿಯಂ ಮತ್ತು ಅಲಿಜರಿನ್ ಅನ್ನುವ ಬಣ್ಣ ಸೇರಿಸಿದ ದ್ರಾವಣ. ಎರಡೂ ಕೈ ಹಿಡಿದುಕೊಂಡು ಇರುವಷ್ಟು ಹೊತ್ತು ಗುಲಾಬಿ ಕೆಂಪು. ಫ್ಲೋರೈಡ್ ಬಂದರೆ ಜಿರ್ಕೋನಿಯಂ ಅಲಿಜರಿನ್ ಅನ್ನು ಬಿಟ್ಟು ಫ್ಲೋರೈಡಿನ ಕಡೆ ಹೋಗುತ್ತದೆ. ಒಂಟಿಯಾದ ಅಲಿಜರಿನ್ ಹಳದಿ. ಎರಡು ಟ್ಯೂಬ್ ತೆಗೆದುಕೊಳ್ಳೋಣ. ಒಂದಕ್ಕೆ ಘಟಕದ ಕ್ಯಾನ್ ನೀರು, ಇನ್ನೊಂದಕ್ಕೆ ನಮ್ಮೂರಿನ ಬೋರ್‌ವೆಲ್ ನೀರು. ಅಳತೆ ಒಂದೇ ಇರಲಿ. ಹನಿ ನೀನೇ ಹಾಕು. ಅಲ್ಲಾಡಿಸು. ಸ್ವಲ್ಪ ಹೊತ್ತು ಬಿಡಬೇಕು, ಅವಸರ ಬೇಡ.

(ಹಿಂದಿನ ಸಾಲಿನವರು ಎದ್ದು ನಿಂತರು. ಕ್ಯಾನ್ ನೀರಿನ ಟ್ಯೂಬ್ ಗುಲಾಬಿಯಾಗಿಯೇ ಉಳಿಯಿತು. ಬೋರ್‌ವೆಲ್ ನೀರಿನದು ಕಿತ್ತಳೆಗೆ ತಿರುಗಿ, ನಿಧಾನವಾಗಿ ಹಳದಿಯಾಯಿತು. ಹುಡುಗಿ ಅದನ್ನು ಬಣ್ಣದ ಚಾರ್ಟಿನ ಪಕ್ಕ ಹಿಡಿದು ನೋಡಿದಳು. "1.5 ದಾಟಿದೆ ಮೇಡಂ" ಅಂದಳು. ಕೆಳಗೆ ಹೋಗಿ ಕೂರಲಿಲ್ಲ. ತನ್ನ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಇದು ನಮ್ಮನೆ ನೀರು ಮೇಡಂ. ಇದಕ್ಕೂ ಹಾಕಿ.")